ಗಾಜಿನ ಬೋಗುಣಿಯ ಕೆಳಗೆ ಅಮ್ಮಣ್ಣಿ

ಮಗಳಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಒಂದು ಸಲವಲ್ಲ, ಅವಳು ಫೋನ್ ಮಾಡಿದಾಗಲೆಲ್ಲ ಹೇಳಿದೆ. ಬಿ.ಪಿ. ಮಾತ್ರೆಯ ವಿಷಯಕ್ಕಲ್ಲ (ಆ ಸುಳ್ಳನ್ನು ಎಲ್ಲ ಅಪ್ಪಂದಿರೂ ಹೇಳುತ್ತಾರೆ, ಅದು ಲೆಕ್ಕಕ್ಕಿಲ್ಲ). ಹಾವಿನ ವಿಷಯಕ್ಕೆ.

"ಅಪ್ಪಾ, ಇಸ್ ಷೀ ಅಂಡರ್?" ಎಂದು ಅವಳು ಕಿಸುಮು ಎಂಬ ಊರಿನ ಹಾಸ್ಟೆಲಿನ ಕಾಯಿನ್ ಬಾಕ್ಸಿನಿಂದ ಕೂಗುತ್ತಿದ್ದಳು. ಹಾವು ಮಣ್ಣಿನೊಳಗೆ ಇದೆಯೇ ಎಂದು ಅರ್ಥ.

"ಇದೆಯಮ್ಮ, ಒಳಗೇ ಇದೆ. ಆರಾಮಾಗಿ ಮಲಗಿದೆ."

ಹೀಗೆ ಹೇಳುವಾಗ ಹಾವು ನನ್ನ ಕಣ್ಣೆದುರೇ ಇತ್ತು. ಒಳಗಲ್ಲ, ಮೇಲೆ. ಗಾಜಿಗೆ ಮೂತಿ ಒತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ನಾನೂ ಅದನ್ನು ನೋಡಿ ನಗುತ್ತಿದ್ದೆ.

ಈ ಪುಟವನ್ನು ವಾರವಾರವೂ ಓದುವವರಿಗೆ ನನ್ನ ಮಗಳು ಶೈಲಜಾ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಅವಳು ಹುಟ್ಟಿದ್ದು ಬೆಳೆದದ್ದು ನೈರೋಬಿಯಲ್ಲೇ. ಹೈಸ್ಕೂಲಿನಲ್ಲಿ ಬಯಾಲಜಿ ಟೀಚರ್. ಸೌತ್ ಸಿ ಎಂಬ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಹಿಡಿದು ಒಬ್ಬಳೇ ಇದ್ದಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಕೋಪ ಬಂದರೆ ಕನ್ನಡ. ಮದುವೆ ಯಾಕಾಗಿಲ್ಲ ಎಂದು ದಯವಿಟ್ಟು ಯಾರೂ ಪತ್ರ ಬರೆಯಬೇಡಿ. ನಾನೇ ಕೇಳಿ ಕೇಳಿ ಸುಮ್ಮನಾಗಿದ್ದೇನೆ.

ನಾನಿರುವುದು ಅದೇ ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ. ಓದಿದ್ದು ಎಸ್ಸೆಸ್ಸೆಲ್ಸಿ, ಹೊಟ್ಟೆ ಹೊರೆದದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಸ್ಟೋರ್‌ಕೀಪರ್ ಆಗಿ. ಹೆಂಡತಿ ಸರೋಜ ಹೋದ ಮೇಲೆ ಈ ಫ್ಲಾಟಿನಲ್ಲಿ ನಾನು, ರೇಡಿಯೊ, ಮತ್ತು ಹಾಲ್‌ನಲ್ಲಿ ಎರಡು ಕುರ್ಚಿ. ಒಂದರಲ್ಲಿ ನಾನು ಕೂರುತ್ತೇನೆ.

ಸೌತ್ ಸಿಯಿಂದ ಪಾರ್ಕ್‌ಲ್ಯಾಂಡ್ಸಿಗೆ ಎಷ್ಟು ದೂರ? ಎರಡು ಮಟಾಟು ವ್ಯಾನು ಬದಲಾಯಿಸಿದರೆ ಆಯಿತು. ಆದರೂ ಮಗಳು ಬರುತ್ತಿದ್ದದ್ದು ತಿಂಗಳಿಗೊಂದು ಭಾನುವಾರ. ಬರುತ್ತಾಳೆ, ಊಟ ಮಾಡುತ್ತಾಳೆ, ತನ್ನ ಹಳೆಯ ರೂಮಿಗೆ ಹೋಗಿ ಪುಸ್ತಕ ಹಿಡಿಯುತ್ತಾಳೆ. ನಾನು ಬಾಗಿಲು ತಳ್ಳಿ "ಕಾಫಿ ಬೇಕಾ?" ಅನ್ನುತ್ತೇನೆ. ಬೇಡ. ಸ್ವಲ್ಪ ಹೊತ್ತು ಬಿಟ್ಟು "ಬಾಳೆಹಣ್ಣು ಬಿಡಿಸಿಕೊಡಲಾ?" ಬೇಡ. ಮತ್ತೆ ಸ್ವಲ್ಪ ಹೊತ್ತಿಗೆ "ಲೈಟ್ ಸಾಲುತ್ತಾ?" ಅಷ್ಟರಲ್ಲಿ ಅವಳು ಕೈಗಡಿಯಾರ ನೋಡಿಕೊಂಡು ಚಪ್ಪಲಿ ಹುಡುಕುತ್ತಿರುತ್ತಾಳೆ.

ಹೀಗಿರುವಾಗ ಹಾವು ಬಂತು.

ಅವಳ ಶಾಲೆಯ ಯಾರೋ ವಿದ್ಯಾರ್ಥಿನಿ ಕಿಟುಯಿ ಕಡೆಯ ತನ್ನ ಊರಿನಿಂದ ವನಸ್ಪತಿ ಡಬ್ಬಿಯಲ್ಲಿ ಹಿಡಿದು ತಂದಿದ್ದಳಂತೆ. ಇಂಗ್ಲಿಷಿನಲ್ಲಿ ಸ್ಯಾಂಡ್ ಬೋವಾ. ನಮ್ಮ ಕಡೆ ಮಣ್ಣುಮುಕ್ಕ ಹಾವು ಅನ್ನುತ್ತೇವಲ್ಲ, ಅದರ ಆಫ್ರಿಕಾದ ದಾಯಾದಿ. ವಿಷವಿಲ್ಲ. ಮೊಳಕ್ಕಿಂತ ಸ್ವಲ್ಪ ಉದ್ದ, ಒಳ್ಳೆ ದಪ್ಪ. ಕಿತ್ತಳೆ ಬಣ್ಣದ ಮೈ ಮೇಲೆ ಕಾಫಿ ಪುಡಿ ಚೆಲ್ಲಿದ ಹಾಗೆ ಮಚ್ಚೆಗಳು. ನೆತ್ತಿಯ ಹತ್ತಿರ ಸಾಸಿವೆ ಕಾಳಿನಂಥ ಎರಡು ಕಣ್ಣು. ಸೌತ್ ಸಿಯ ಮನೆ ಒಡತಿ "ಹಾವು ಇರಲಿ, ಇಲ್ಲವೇ ನೀನಿರು" ಎಂದಾಗ ಮಗಳು ಅದನ್ನು ಗಾಜಿನ ಪೆಟ್ಟಿಗೆ ಸಮೇತ ನನ್ನ ಮನೆಗೆ ತಂದಳು.

ಹೆಣ್ಣು ಹಾವು ಎಂದಳು. ನಾನು ಅಮ್ಮಣ್ಣಿ ಎಂದು ಹೆಸರಿಟ್ಟೆ.

ಅಮ್ಮಣ್ಣಿಯ ಒಂದೇ ದೋಷವೆಂದರೆ ಅವಳು ಕಾಣಿಸುವುದಿಲ್ಲ. ದಿನವಿಡೀ ಮಣ್ಣಿನೊಳಗೆ. ವಾರಕ್ಕೊಮ್ಮೆ ಇಲಿ ಇಟ್ಟಾಗ ಮಣ್ಣು ಒಂಚೂರು ಅಲುಗಾಡುತ್ತದೆ, ಇಲಿ ಮಾಯವಾಗುತ್ತದೆ. ಮತ್ತೆ ಸ್ತಬ್ಧ. ನನ್ನ ಕೆಳಗಿನ ಮನೆಯ ಡಿಸೋಜರು ಮಂಗಳೂರಿನವರು, ಬಾಯಿ ಬಿಟ್ಟರೆ ನಗಿಸುವವರು. ಅವರು ಬಂದು ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು.

"ಎಂಥದು ಮಾರಾಯ್ರೆ, ಇದರೊಳಗೆ ಹಾವು ಉಂಟೋ, ಇಲ್ಲ ನಿಮ್ಮ ಮಗಳು ಒಂದು ಪೆಟ್ಟಿಗೆ ಮಣ್ಣು ಸಾಕ್ಲಿಕ್ಕೆ ಕೊಟ್ಟದ್ದೋ?"

ಹಾವು ಕಾಣದಿದ್ದರೆ ಏನಂತೆ? ಮಗಳು ಕಾಣತೊಡಗಿದಳು! ತಿಂಗಳಿಗೊಂದು ಭಾನುವಾರ ಹೋಗಿ ವಾರಕ್ಕೆ ಎರಡು ಸಂಜೆಯಾಯಿತು. ನೀರಿನ ಬಟ್ಟಲು ಬದಲಾಯಿಸುತ್ತಾಳೆ, ಬಲ್ಬಿನ ಬಿಸಿ ನೋಡುತ್ತಾಳೆ, ಎರಡನೆಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾಳೆ. ನಾನು ಅಮ್ಮಣ್ಣಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಏಪ್ರಿಲ್ ರಜೆಯಲ್ಲಿ ಶೈಲಜಾಳಿಗೆ ಕಿಸುಮುವಿನಲ್ಲಿ ಟೀಚರ್‌ಗಳ ಕೋರ್ಸ್ ಬಂತು. ಹೊರಡುವಾಗ ಒಂದೇ ಮಾತು ಹೇಳಿದಳು: "ಅಪ್ಪಾ, ಡೋಂಟ್ ಚೇಂಜ್ ಎನಿಥಿಂಗ್."

ನಾನು ಬದಲಾಯಿಸಬೇಕೆಂದು ಬದಲಾಯಿಸಲಿಲ್ಲ. ಏಪ್ರಿಲ್ ಎಂದರೆ ಇಲ್ಲಿ ದೊಡ್ಡ ಮಳೆ. ಮಧ್ಯಾಹ್ನ ಕಿಟಕಿ ತೆರೆದಿಟ್ಟು ನಿದ್ದೆ ಹೋದೆ. ಎದ್ದು ನೋಡಿದರೆ ಕಿಟಕಿಯ ಕೆಳಗಿದ್ದ ಜಾಲರಿ ಮುಚ್ಚಳದ ಪೆಟ್ಟಿಗೆಯ ತುಂಬ ಕೆಸರು, ಕೆಸರಿನ ಮೇಲೆ ಮುದುಡಿಕೊಂಡ ಅಮ್ಮಣ್ಣಿ. ಅವಳನ್ನು ಬಕೆಟಿಗೆ ಹಾಕಿ ತಟ್ಟೆ ಮುಚ್ಚಿದೆ. ಈಗ ಹೊಸ ಹಾಸಿಗೆ ಬೇಕು. ಏನು ಹಾಕುವುದು?

ನನ್ನ ಇಡೀ ನೌಕರಿ ಮರಳು, ಸಿಮೆಂಟು, ಸುಣ್ಣದ ನಡುವೆ ಕಳೆದದ್ದು. ಗೋಡೆಗೆ ಯಾವ ಮರಳು, ಗಾರೆಗೆ ಯಾವ ಮರಳು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಹಾವಿಗೆ? ನಮ್ಮ ಹಳೆಯ ಅಂಗಡಿಗೆ ಬರುತ್ತಿದ್ದ ಮಚಾಕೋಸ್ ಹೊಳೆಯ ಮರಳಿನ ಬಗ್ಗೆ ಯೋಚಿಸಿದೆ. ಬಲು ಒರಟು, ಮೈ ತರಚೀತು. ಡಿಸೋಜರು ಮೀನಿನ ತೊಟ್ಟಿಗೆಂದು ಮೊಂಬಾಸಾದಿಂದ ತಂದ ಬಿಳಿ ಮರಳು ಕೊಡುತ್ತೇನೆ ಎಂದರು. ನಾಲಿಗೆಯ ತುದಿಗಿಟ್ಟೆ, ಉಪ್ಪು. ಹಳೆಯ ಪೇಪರ್ ಹರಿದು ಹಾಕಲೇ? ಮನೆಗೆ ಬಂದವರನ್ನು ಪೇಪರಿನ ಮೇಲೆ ಮಲಗಿಸುವುದೇ?

ಆಗ ನೆನಪಾದದ್ದು ನಮ್ಮ ಹುಣಸೂರು. ಅಲ್ಲ, ಹುಣಸೂರಿನ ತಾತ. "ಗಂಧದ ಮರ ಇದ್ದ ಕಡೆ ಹಾವು ಇದ್ದೇ ಇರುತ್ತೆ ಕಣೋ. ಪರಿಮಳಕ್ಕೆ ಸೋತು ಸುತ್ತಿಕೊಂಡು ಬಿದ್ದಿರುತ್ತೆ." ಕೇದಿಗೆ ಮೆಳೆಗೆ ಕೈ ಹಾಕಬೇಡ ಎನ್ನುತ್ತಿದ್ದದ್ದೂ ಅದಕ್ಕೇ. ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಹೇಳಿಲ್ಲವೇ?

ನೈರೋಬಿಯಲ್ಲಿ ಗಂಧದ ಪುಡಿ ಎಲ್ಲಿಂದ ತರಲಿ? ಆದರೆ ಸೀಡರ್ ಮರವಿದೆ. ಪೆನ್ಸಿಲ್ ಚೂಪು ಮಾಡಿದಾಗ ಬರುತ್ತದಲ್ಲ, ಆ ವಾಸನೆಯ ಮರ. ಇಲ್ಲಿ ಬೀರು ಮಾಡುವುದೂ ಅದರಲ್ಲೇ. ನ್ಗಾರಾ ರಸ್ತೆಯ ಬದಿಯಲ್ಲಿ ಬೀರು ಮಾಡುವ ಒಬ್ಬ ಫುಂಡಿ ಇದ್ದಾನೆ (ಇಲ್ಲಿ ಬಡಗಿ, ಪ್ಲಂಬರ್, ಗಡಿಯಾರ ರಿಪೇರಿಯವ ಎಲ್ಲರೂ ಫುಂಡಿಯೇ). ಚೀಲ ಹಿಡಿದುಕೊಂಡು ಹೋದೆ. ಅವನ ಕಾಲ ಕೆಳಗೆ ಕೆಂಪು ಕೆಂಪಾಗಿ ಹೊಟ್ಟು, ಸುರುಳಿ ಸುರುಳಿ ಸಿಪ್ಪೆ. ಬಗ್ಗಿ ಒಂದು ಮುಷ್ಟಿ ಮೂಸಿದೆ. ಆಹಾ.

"ಕೋಳಿಗೂಡಿಗಾ, ಮ್ಜೇ?" ಎಂದು ಕೇಳಿದ. ಮ್ಜೇ ಎಂದರೆ ಹಿರಿಯರೇ.

"ಅಲ್ಲ, ಹಾವಿಗೆ. ನ್ಯೋಕಾ."

ಅವನ ಕೈಯ ಉಳಿ ನಿಂತಿತು. "ನ್ಯೋಕಾ? ಮನೆಯೊಳಗೆ?"

"ಹೌದು. ಮಗಳದ್ದು."

ಅವನು ಚೀಲಕ್ಕೆ ತಾನೇ ತುಂಬಿ, ತುಳಿದು, ಮತ್ತೆ ತುಂಬಿ ದೂರದಿಂದಲೇ ನನ್ನ ಕಡೆ ತಳ್ಳಿದ. ಕಾಸು ಬೇಡವೆಂದ. ಇನ್ನೊಮ್ಮೆ ಬರುವುದೂ ಬೇಡವೆಂದ. ನಾನು "ಅಸಾಂಟೆ" ಎಂದು ಉಪಕಾರ ಹೇಳಿ ಹೊತ್ತು ತಂದೆ.

ಹಾಸಿಗೆಯಾಯಿತು. ಇನ್ನು ಅಡಗುವ ಜಾಗ. ಶೈಲಜಾ ಒಂದು ಒಡೆದ ಹೂಕುಂಡದ ತುಂಡು ಇಟ್ಟಿದ್ದಳು. ಬೋಕಿ ಬಿಲ್ಲೆ. ಅದರ ಕೆಳಗೆ ಹಾವಿಗೆ ಹೊರಳಲೂ ಜಾಗವಿಲ್ಲ. ನನ್ನ ಮನಸ್ಸು ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಸರೋಜ ಮೊಸರು ಹೆಪ್ಪು ಹಾಕುತ್ತಿದ್ದ ದೊಡ್ಡ ಗಾಜಿನ ಬೋಗುಣಿ ಇತ್ತು. ಅಂಚು ಒಂದು ಕಡೆ ಒಡೆದಿದ್ದರಿಂದ ಬಳಸುತ್ತಿರಲಿಲ್ಲ, ಎಸೆಯಲೂ ಮನಸ್ಸಿರಲಿಲ್ಲ. ಅದನ್ನು ಬೋರಲು ಹಾಕಿದೆ. ಒಡೆದ ಕಡೆ ಅರಮನೆಯ ಬಾಗಿಲಿನ ಹಾಗೆ ಇತ್ತು. ವಿಶಾಲ, ಬೆಳಕು, ಗಾಳಿ. ಮತ್ತೆ... ಇದನ್ನು ಮುಚ್ಚಿಟ್ಟು ಏನಾಗಬೇಕು? ಒಳಗೆ ಕೂತರೂ ನನಗೆ ಕಾಣಿಸುತ್ತಾಳೆ.

ಹೊಸ ಮನೆಗೆ ಬಿಟ್ಟೆ. ಅಮ್ಮಣ್ಣಿ ಹೊಟ್ಟಿನೊಳಗೆ ಹೋದಳು. ತಕ್ಷಣ ಹೊರಗೆ ಬಂದಳು. ಮತ್ತೆ ಒಳಗೆ ಹೋಗಲಿಲ್ಲ!

ನನ್ನ ಸಂತೋಷವನ್ನು ಹೇಗೆ ಹೇಳಲಿ? ತಾತ ಗೆದ್ದಿದ್ದರು. ಪರಿಮಳಕ್ಕೆ ಸೋತ ಹಾವು ಮಣ್ಣನ್ನೇ ಮರೆತಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದರೆ ಎದುರಿಗೆ ಒಂದು ಮುಖ. ಗಾಜಿನ ಉದ್ದಕ್ಕೂ ಮೂತಿ ಉಜ್ಜಿಕೊಂಡು ಈ ಕಡೆಯಿಂದ ಆ ಕಡೆಗೆ ಓಡಾಡುತ್ತಾಳೆ, ನಿಲ್ಲುತ್ತಾಳೆ, ಸಾಸಿವೆ ಕಣ್ಣಿನಲ್ಲಿ ನೋಡುತ್ತಾಳೆ. ನಾನು ಪೇಪರನ್ನು ಜೋರಾಗಿ ಓದತೊಡಗಿದೆ. ಟೊಮೆಟೊ ಬೆಲೆ ಹೇಳಿದೆ. ಸರೋಜಳ ಹುಳಿಯ ಬಗ್ಗೆ ಹೇಳಿದೆ. ಶೈಲಜಾ ಚಿಕ್ಕವಳಿದ್ದಾಗ ಇದೇ ಹಾಲ್‌ನಲ್ಲಿ ನನ್ನ ಪಾದದ ಮೇಲೆ ತನ್ನ ಪಾದ ಇಟ್ಟುಕೊಂಡು ನಡೆಯುತ್ತಿದ್ದದ್ದನ್ನು ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಯಾರು ಕೇಳುತ್ತಾರೆ?

ಆದ್ದರಿಂದಲೇ ಫೋನಿನಲ್ಲಿ ಸುಳ್ಳು. ನಿಜ ಹೇಳಿದರೆ ಹಾಸಿಗೆ ಬದಲಾದದ್ದು ತಿಳಿಯುತ್ತದೆ. ಬದಲಾಯಿಸು ಎನ್ನುತ್ತಾಳೆ. ಮತ್ತೆ ಒಂದು ಪೆಟ್ಟಿಗೆ ಮಣ್ಣಿನ ಎದುರು ಕೂರಬೇಕು.

ಇಷ್ಟೇ ಆಗಿದ್ದರೆ ಮುದುಕನ ಮೂರ್ಖತನ ಎಂದು ನೀವು ನಕ್ಕು ಬಿಡಬಹುದಿತ್ತು. ಆದರೆ ಇನ್ನೂ ಇದೆ. ಒಂದು ದಿನ ಅಮ್ಮಣ್ಣಿ ಇಲಿ ಮುಟ್ಟಲಿಲ್ಲ. ಆಮೇಲೆ ಬಾಯಿ ತೆರೆದು ಕೂರಲಾರಂಭಿಸಿದಳು. ಆಕಳಿಸುತ್ತಿದ್ದಾಳೆ ಎಂದುಕೊಂಡೆ. ಅಂದುಕೊಂಡೆ ಎನ್ನುವುದೂ ಸುಳ್ಳೇ. ಒಂದು ಪ್ರಾಣಿ ಬೆಳಗಿಂದ ಸಂಜೆಯವರೆಗೆ ಆಕಳಿಸುವುದಿಲ್ಲ ಎಂದು ಎಸ್ಸೆಸ್ಸೆಲ್ಸಿಯವನಿಗೂ ಗೊತ್ತು. ಉಸಿರಿನಲ್ಲಿ ಸಣ್ಣಗೆ ಸಿಳ್ಳೆ ಕೇಳುತ್ತಿತ್ತು. ಅಂದೂ ಫೋನ್ ಬಂತು.

"ಇಸ್ ಷೀ ಅಂಡರ್?"

"ಒಳಗೇ ಇದೆಯಮ್ಮ."

ಡಿಸೋಜರು ಕೂಡ ಹೇಳಿದ್ದರು. "ಮಾರಾಯ್ರೆ, ಇದು ನಿಮ್ಮನ್ನು ನೋಡುವುದಲ್ಲ, ಬಾಗಿಲು ಹುಡುಕುವುದು." ನಾನು ನಕ್ಕೆ. ಅವರ ಎಲ್ಲ ಮಾತಿಗೂ ನಗುವುದು ರೂಢಿಯಾಗಿತ್ತಲ್ಲ.

ಶೈಲಜಾ ಕೋರ್ಸ್ ಮುಗಿಸಿ ಬಸ್ ಇಳಿದವಳು ನೇರ ನಮ್ಮ ಮನೆಗೇ ಬಂದಳು. ಬಾಗಿಲಲ್ಲೇ ಮೂಗು ಅರಳಿಸಿದಳು. ಚೀಲವನ್ನು ನೆಲಕ್ಕೆ ಬಿಟ್ಟು ಪೆಟ್ಟಿಗೆಯ ಬಳಿ ಹೋದಳು. ಕೂಗಾಡಲಿಲ್ಲ. ಅಮ್ಮಣ್ಣಿಯನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ದುಪಟ್ಟಾದ ತುದಿಯಿಂದ ಅವಳ ಬಾಯಿಯ ಸುತ್ತ ಅಂಟಿದ ಹೊಟ್ಟನ್ನು ಒರೆಸಿದಳು. ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆಯೊಂದು ಉಬ್ಬಿ ಒಡೆಯಿತು.

"ಇದು ಯಾವ ಮರ ಅಪ್ಪಾ?" ಕನ್ನಡದಲ್ಲಿ ಕೇಳಿದಳು. ನನಗೆ ಅರ್ಥವಾಯಿತು.

"ಸೀಡರ್. ಗಂಧದ ಮರಕ್ಕೆ ಹಾವು ಸುತ್ತಿಕೊಳ್ಳುತ್ತಲ್ಲಮ್ಮ, ಅದಕ್ಕೆ ವಾಸನೆ ಇಷ್ಟ ಅಂತ..."

"ಯಾರು ಹೇಳಿದ್ದು?"

"ನಮ್ಮ ತಾತ."

"ತಾತ ನೋಡಿದ್ರಾ?"

ನೋಡಿರಲಿಲ್ಲ. ಈಗ ಯೋಚಿಸಿದರೆ ನಮ್ಮೂರಿನಲ್ಲಿ ಯಾರೂ ನೋಡಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

"ಇದರ ಎಣ್ಣೆ ಅವಳ ಲಂಗ್ಸ್‌ಗೆ ವಿಷ. ಒಳಗೆ ಹೋದ್ರೆ ಉಸಿರು ಕಟ್ಟುತ್ತೆ, ಅದಕ್ಕೇ ಮೇಲೆ ಬಂದಿದಾಳೆ. ನಿಮ್ಮನ್ನ ನೋಡೋಕಲ್ಲ." ಆಮೇಲೆ ಬೋಗುಣಿಯನ್ನು ನೋಡಿದಳು. ಅಮ್ಮನದು ಎಂದು ಗುರುತು ಸಿಕ್ಕಿತು. "ಗಾಜಿನ ಕೆಳಗೆ ಅಡಗಿಕೊಳ್ಳೋದಾ? ಅಡಗೋದು ಯಾರಿಂದ ಅಂದ್ಕೊಂಡ್ರಿ ಅಪ್ಪಾ?"

ನಾನು ಬೋಗುಣಿಯನ್ನು ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ.

ದಿಂಬಿನ ಚೀಲದಲ್ಲಿ ಅಮ್ಮಣ್ಣಿಯನ್ನು ಹಾಕಿಕೊಂಡು ತನ್ನ ಪರಿಚಯದ ಪಶುವೈದ್ಯರ ಹತ್ತಿರ ಹೋದಳು. ಹೋಗುವಾಗ ಇಷ್ಟೇ ಹೇಳಿದ್ದು: "ಬದುಕಿದ್ರೆ ಸ್ಕೂಲ್ ಲ್ಯಾಬಲ್ಲಿ ಇಟ್ಕೋತೀನಿ. ಹೆಡ್‌ಮಿಸ್ಟ್ರೆಸ್ ಹತ್ರ ಪರ್ಮಿಷನ್ ಕೇಳ್ತೀನಿ."

ಎರಡನೆಯ ಕುರ್ಚಿಯನ್ನು ನೋಡುತ್ತ ಕೂತೆ. ಹಾವು ಲ್ಯಾಬಿಗೆ ಹೋದರೆ ವಾರಕ್ಕೆ ಎರಡು ಸಂಜೆಗಳೂ ಲ್ಯಾಬಿಗೆ ಹೋಗುತ್ತವೆ. ಹಾವಿನ ಜೀವಕ್ಕಿಂತ ನನಗೆ ಆ ಸಂಜೆಗಳದೇ ಚಿಂತೆಯಾಯಿತು. ಇದನ್ನೂ ಬರೆದುಬಿಡುತ್ತೇನೆ. ಬರೆಯಲು ಕೂತ ಮೇಲೆ ಅರ್ಧ ಬರೆಯುವುದೇಕೆ?

ಔಷಧಿ ನಾಟಿ ಅಮ್ಮಣ್ಣಿ ಉಳಿದಳು. ಮುಂದಿನ ಭಾನುವಾರ ಶೈಲಜಾ ಡಿಸೋಜರ ಹಳೆಯ ಪೆಜೋ ಕಾರನ್ನು ಕೇಳಿ ಪಡೆದು, ಕೆಳಗಿನಿಂದ ಹಾರ್ನ್ ಮಾಡಿದಳು.

"ಬನ್ನಿ, ಮಣ್ಣು ತರೋಣ. ಹಾರ್ಡ್‌ವೇರ್ ಎಕ್ಸ್‌ಪರ್ಟ್ ಬೇಕು."

ಕ್ಷಮಿಸಿದಳೇ? ಗೊತ್ತಿಲ್ಲ. ಕೇಳುವ ಧೈರ್ಯವಿರಲಿಲ್ಲ. ಓಡಿ ಇಳಿದೆ (ನಮ್ಮ ವಯಸ್ಸಿನಲ್ಲಿ ಓಡುವುದೆಂದರೆ ಕಂಬಿ ಹಿಡಿದುಕೊಂಡು ಬೇಗ ಇಳಿಯುವುದು).

ಮೊಂಬಾಸಾ ರಸ್ತೆಯಲ್ಲಿ ಅಥಿ ನದಿಯ ಆಚೆ ನಿಲ್ಲಿಸಿದಳು. ಒಂದು ಕಡೆ ಕೈಗೆ ಅಂಟುವ ಕಪ್ಪು ಎರೆ. ಅದು ಬೇಡ ಎಂದೆ. ಇನ್ನೂ ಮುಂದೆ ಹೋಗಿ ಹಳ್ಳದ ಬದಿಯಲ್ಲಿ ಕಂದು ಬಣ್ಣದ ಮರಳು ಮಿಶ್ರಿತ ಮಣ್ಣು ಸಿಕ್ಕಿತು. ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿದೆ, ಬಿಟ್ಟೆ. ಉಂಡೆಯಾಗಿ ನಿಂತು ಮೆಲ್ಲನೆ ಒಡೆಯಿತು.

"ಒದ್ದೆಯಿದೆ, ಅದಕ್ಕೆ ನಿಂತಿದೆ. ಒಣಗಿದರೆ ನಿಲ್ಲಲ್ಲ. ಗಾರೆಗೆ ಇದು ಆಗಲ್ಲ, ಗೋಡೆ ಬಿರುಕು ಬಿಡುತ್ತೆ. ಇವಳಿಗೆ ಆಗುತ್ತೆ ನೋಡು. ಒರಟೂ ಇಲ್ಲ, ಧೂಳೂ ಇಲ್ಲ."

ಅವಳೂ ಒಂದು ಹಿಡಿ ತೆಗೆದುಕೊಂಡು ನನ್ನ ಹಾಗೆಯೇ ಮುಷ್ಟಿ ಕಟ್ಟಿ ಬಿಟ್ಟಳು. "ಯೂ ನೆವರ್ ಟೋಲ್ಡ್ ಮೀ ದಿಸ್," ಎಂದಳು.

"ನೀನು ಕೇಳಲಿಲ್ಲ."

"ನೀವು ಕಾಫಿ ಬೇಕಾ, ಬಾಳೆಹಣ್ಣು ಬೇಕಾ ಅಂತ ಕೇಳ್ತಾನೇ ಇರ್ತೀರಿ. ನಾನು ಯಾವಾಗ ಕೇಳ್ಲಿ?"

ಇಬ್ಬರೂ ನಕ್ಕೆವು. ಅವಳು ಮೊದಲು, ನಾನು ಆಮೇಲೆ.

ಮನೆಗೆ ತಂದು ಜರಡಿ ಹಿಡಿದೆ. ಹುಳ ಹುಪ್ಪಟೆ ಸಾಯಬೇಕು, ತೇವ ಆರಬೇಕು. ಉಪ್ಪಿಟ್ಟಿನ ರವೆ ಹುರಿದ ಹಾಗೆ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿದೆವು. ಅಡುಗೆಮನೆಯಲ್ಲಿ ಮೊದಲ ಮಳೆಯ ವಾಸನೆ ಎದ್ದಿತು. ಅವಳು ಕಟ್ಟೆಯ ಮೇಲೆ ಕೂತು ಕಿಸುಮುವಿನ ಕಥೆಗಳನ್ನು, ಕೋಪವಿಲ್ಲದಿದ್ದರೂ ಕನ್ನಡದಲ್ಲೇ, ಹೇಳುತ್ತಲೇ ಹೋದಳು. ನಾನು ಸೌಟು ಆಡಿಸುತ್ತ ಕಾಫಿ ಬೇಕಾ ಎಂದು ಕೇಳಲಿಲ್ಲ. ಎಷ್ಟು ಕಷ್ಟವಾಯಿತೆಂದು ನಿಮಗೆ ಹೇಗೆ ಹೇಳಲಿ?

ಒಂದು ಗೇಣು ಆಳಕ್ಕೆ ಮಣ್ಣು. ಬೆಚ್ಚಗಿನ ಬದಿಗೆ ಹೂಕುಂಡದ ಅದೇ ಬೋಕಿ ಬಿಲ್ಲೆ, ತಂಪಿನ ಬದಿಗೆ ಒಂದು ಚಪ್ಪಟೆ ಕಲ್ಲು. ಕಲ್ಲನ್ನು ನಾನು ಮಣ್ಣಿನ ಮೇಲಿಡಲು ಹೋದೆ. ಕೈ ತಡೆದಳು. "ಅವಳು ಕೆಳಗೆ ಕೊರೀತಾಳೆ, ಕಲ್ಲು ಅವಳ ಮೇಲೇ ಕುಸಿಯುತ್ತೆ. ಫಸ್ಟ್ ತಳದಲ್ಲಿ ನಿಲ್ಲಿಸಬೇಕು, ಆಮೇಲೆ ಸುತ್ತ ಮಣ್ಣು." ನಾಲ್ಕು ಸಣ್ಣ ಕಲ್ಲುಗಳನ್ನು ಪೆಟ್ಟಿಗೆಯ ತಳಕ್ಕೇ ಊರಿ, ಅದರ ಮೇಲೆ ಚಪ್ಪಟೆ ಕಲ್ಲನ್ನು ಕೂರಿಸಿದಳು.

"ಇಷ್ಟು ಇಕ್ಕಟ್ಟಾ? ಉಸಿರು ಕಟ್ಟಲ್ವಾ?" ಎಂದೆ.

"ಇಕ್ಕಟ್ಟೇ ಬೇಕು ಅಪ್ಪಾ. ಬೆನ್ನಿಗೆ ಏನಾದ್ರೂ ತಾಗ್ತಾ ಇದ್ರೇನೇ ಅವಳಿಗೆ ಭಯ ಇರಲ್ಲ." ಕೈಯ ಮಣ್ಣು ಕೊಡವಿಕೊಳ್ಳುತ್ತ, "ಸೌತ್ ಸಿಯ ನನ್ನ ರೂಮು ನೋಡಿ ಇದು ಗೂಡಾ ಅಂದ್ರಲ್ಲ, ಹಾಗೆ," ಎಂದಳು.

ಅಂದಿದ್ದೆ. ಅವಳ ಗೆಳತಿಯರ ಎದುರೇ ಅಂದಿದ್ದೆ.

ದಿಂಬಿನ ಚೀಲದಲ್ಲಿ ತಂದಿದ್ದ ಅಮ್ಮಣ್ಣಿಯನ್ನು ಬಿಟ್ಟಳು. ಅವಳು ಮೂತಿಯನ್ನು ಮಣ್ಣಿಗೆ ಒತ್ತಿ, ಒಮ್ಮೆ ತಡೆದು, ನೀರಿಗೆ ಇಳಿದ ಹಾಗೆ ಇಳಿದು ಹೋದಳು. ಕೊನೆಗೆ ಬಾಲದ ಮೊಂಡು ತುದಿ. ಅದೂ ಹೋಯಿತು. ಮಗಳ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

"ಲ್ಯಾಬಿಗೆ ಯಾವಾಗ?" ಎಂದು ಹೇಗೋ ಕೇಳಿದೆ.

ಪೆಟ್ಟಿಗೆಯನ್ನೇ ನೋಡುತ್ತಿದ್ದಳು. "ಇಲ್ಲೇ ಇರ್ಲಿ. ಒಂದೇ ಕಂಡಿಷನ್. ಕಲ್ಲು ಎತ್ತಿ ನೋಡಬಾರದು."

"ಬದುಕಿದಾಳೆ ಅಂತ ಹೇಗೆ ಗೊತ್ತಾಗೋದು?"

"ಬೆಳಿಗ್ಗೆ ಮಣ್ಣಿನ ಮೇಲೆ ಗೆರೆ ಇರುತ್ತೆ. ರಾತ್ರಿ ಓಡಾಡಿದ್ದು. ಅಷ್ಟು ಸಾಕು."

ಹೌದು, ಗೆರೆ ಇರುತ್ತದೆ. ಬೆಳಿಗ್ಗೆ ಕಾಫಿ ಹಿಡಿದು ಬಂದರೆ ನಯವಾದ ಮಣ್ಣಿನ ಮೇಲೆ ಯಾರೋ ಬೆರಳಾಡಿಸಿದ ಹಾಗೆ ಒಂದು ಗೆರೆ, ಬೋಕಿ ಬಿಲ್ಲೆಯಿಂದ ಕಲ್ಲಿನವರೆಗೆ. ಮುಖ ಕಾಣುವುದಿಲ್ಲ. ಇಲಿ ಹೋಗುತ್ತದೆ, ನೀರು ಇಳಿಯುತ್ತದೆ. ಡಿಸೋಜರು ಬಂದು "ಏನು, ಪುನಃ ಮಣ್ಣು ಸಾಕಣೆಯೋ?" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಮೊಸರಿನ ಬೋಗುಣಿಯನ್ನು ತೊಳೆದು ಅದರ ಜಾಗದಲ್ಲೇ ಇಟ್ಟಿದ್ದೇನೆ.

ಶಾಲೆ ಶುರುವಾಗಿದೆ. ಬುಧವಾರ ಮಗಳು ಬರಲಿಲ್ಲ, ಪರೀಕ್ಷೆ ಪೇಪರ್ ತಿದ್ದಬೇಕಂತೆ. ಶುಕ್ರವಾರದಿಂದ ಫೋನೂ ಇಲ್ಲ. ಕೆಲಸವಿರುತ್ತದೆ, ತನ್ನ ಗೂಡಿನಲ್ಲಿ ಬೆಚ್ಚಗಿರುತ್ತಾಳೆ, ಏನೂ ಆಗಿರುವುದಿಲ್ಲ. ಎಲ್ಲ ಗೊತ್ತು. ಫೋನಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ.

ನೀವೇ ಹೇಳಿ, ಒಂದೇ ಒಂದು ಸಲ ಕಲ್ಲು ಎತ್ತಿ ನೋಡಲೇ, ಬೇಡವೇ?